ಸುಮ್ಮನೆ ಬರುತ್ತೇನೆಂದ ಸಹಪಾಠಿ

ಮೂವತ್ತೊಂದು ವರ್ಷ ಮುಖ ತೋರಿಸದ ಹೈಸ್ಕೂಲಿನ ಗೆಳೆಯ ಒಂದು ದಿನ ಫೋನು ಮಾಡಿ ‘ಸುಮ್ನೆ ಮನೆಗೆ ಬರ್ತೀನಿ ಕಣೋ’ ಅಂದರೆ ಅವನು ಸುಮ್ಮನೆ ಬರುತ್ತಿಲ್ಲ ಎಂದೇ ಅರ್ಥ. ಇದು ಚಾಮರಾಜಪೇಟೆಯ ಮರಿಯಣ್ಣನ ಖಚಿತ ಅಭಿಪ್ರಾಯ. ಅಭಿಪ್ರಾಯವೇನು ಬಂತು, ಅನುಭವ. ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ. ಬೆಂಗಳೂರಿನಲ್ಲಿ ಸತ್ತುಹೋಗಿದ್ದ ಸ್ನೇಹಗಳೆಲ್ಲ ಇದ್ದಕ್ಕಿದ್ದಂತೆ ಎದ್ದು ಕೂತಿದ್ದ ಕಾಲ. ಎಂಟನೇ ಕ್ಲಾಸಿನಲ್ಲಿ ಪಕ್ಕ ಕೂತಿದ್ದವನು ಬಂದು ಅಯಸ್ಕಾಂತದ ಹಾಸಿಗೆ ಮಾರಿ ಹೋಗಿದ್ದ. ಒಂಬತ್ತನೇ ಕ್ಲಾಸಿನವನು ಬಂದು, ನೀನು ಮೂವರನ್ನು ಸೇರಿಸು, ಆ ಮೂವರು ಒಂಬತ್ತು ಜನರನ್ನು ಸೇರಿಸಲಿ ಎಂದು ಸೋಪಿನಪುಡಿಯ ಡಬ್ಬ ಇಳಿಸಿ ಹೋಗಿದ್ದ. (ಮರಿಯಣ್ಣ ಒಬ್ಬನನ್ನೂ ಸೇರಿಸಲಿಲ್ಲ. ಆ ಪುಡಿಯಲ್ಲಿ ಅವನ ಮನೆಯ ಬಚ್ಚಲು ಎರಡು ವರ್ಷ ತೊಳೆಸಿಕೊಂಡಿತು.) ಇನ್ನು ಎಸ್ಸೆಸ್ಸೆಲ್ಸಿಯವನು ಏನು ಹೊತ್ತು ತರುತ್ತಾನೋ!

ಮರಿಯಣ್ಣ ಸಾಮಾನ್ಯ ಆಸಾಮಿಯಲ್ಲ. ಮೈಸೂರು ರಸ್ತೆಯ ನಟ್ಟು ಬೋಲ್ಟಿನ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷದಿಂದ ಕಾರ್ಮಿಕ ಸಂಘದ ಕಾರ್ಯದರ್ಶಿ. ಗೇಟಿನ ಮುಂದೆ ಧಿಕ್ಕಾರ ಕೂಗಿ ಕೂಗಿ ಅವನ ಗಂಟಲು ತಗಡಾಗಿತ್ತು. ಆಡಳಿತದವರು ಟೀ ಕೊಟ್ಟರೆ, ಕುಡಿಯುವ ಮೊದಲು ಯಾಕೆ ಕೊಟ್ಟರು ಎಂದು ಯೋಚಿಸುವವನು. ಮಾತುಕತೆಯ ಮೇಜಿನಲ್ಲಿ ಅವನಿಗೆ ಎರಡೇ ಸೂತ್ರ. ಎದುರಿನವನು ನಕ್ಕರೆ ನಂಬಬೇಡ. ಅವನು ಬಾಯಿ ಬಿಡುವ ಮುಂಚೆ ನಮ್ಮ ಸ್ಥಿತಿ ಎಷ್ಟು ಶೋಚನೀಯ ಎಂದು ಅವನ ತಲೆ ಮೇಲೆ ಸುರಿದುಬಿಡು. ಈ ಸೂತ್ರಗಳಿಂದ ಕಾರ್ಮಿಕರಿಗೆ ನಾಲ್ಕು ಸಲ ಬೋನಸ್ ಬಂದಿತ್ತು. ಮಗಳಿಗೆ ಗಂಡು ಮಾತ್ರ ಬಂದಿರಲಿಲ್ಲ.

ಮಗಳು ತೇಜಶ್ರೀಗೆ ಇಪ್ಪತ್ತೈದು. ನರ್ಸರಿ ಶಾಲೆಯಲ್ಲಿ ಟೀಚರು, ಲಕ್ಷಣವಾದ ಹುಡುಗಿ. ಬಂದ ಮೊದಲನೇ ಗಂಡಿಗೆ ಮರಿಯಣ್ಣ ಸಂಬಳದ ಚೀಟಿ ತೋರಿಸು ಎಂದ. ಎರಡನೆಯವನ ಆಫೀಸಿಗೇ ಹೋಗಿ ಗೇಟಿನ ವಾಚ್‌ಮನ್ನನ್ನು ವಿಚಾರಣೆಗೆ ಗುರಿಪಡಿಸಿದ. ಮೂರನೆಯವನು ಉಪ್ಪಿಟ್ಟಿನ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಹೆಂಡತಿ ಅಂಜಿನಮ್ಮ ಅವತ್ತೇ ಅಂತಿಮ ನೋಟೀಸು ಜಾರಿ ಮಾಡಿದ್ದಳು: ‘ಇನ್ನೊಂದು ಸಂಬಂಧ ನಿಮ್ ಬಾಯಿಂದ ಕೆಡ್ಲಿ, ನಾನು ಮತ್ತಿಕೆರೆಗೆ ನಮ್ಮಕ್ಕನ ಮನೆಗೆ ಹೊರಟೆ. ನೀವು ನಿಮ್ ಸಂಘದ ಬಾವುಟ ಹೊದ್ಕೊಂಡು ಇಲ್ಲೇ ಬಿದ್ದಿರಿ.’

ಇಂಥ ಸಂದರ್ಭದಲ್ಲಿ ಫೋನು ಬಂದಿದ್ದು.

‘ಲೋ ಮರಿ, ನಾನ್ ಕಣ್ಲಾ ಗಂಗ! ಗಂಗಬೈರಯ್ಯ! ಬಿ ಸೆಕ್ಷನ್ನು, ಕೊನೇ ಬೆಂಚು!’

‘ಓ… ಹ್ಞೂಂ.’

‘ಏನ್ಲಾ ಹ್ಞೂಂ? ಲೆಕ್ಕದ ಪಂಚಾಕ್ಷರಯ್ಯ ಮೇಷ್ಟ್ರ ಟೋಪಿ ಬಾವಿಗೆ ಹಾಕಿದ್ದು ಮರ್ತೋಯ್ತಾ?’

‘ಹಾಕಿದ್ದು ನೀನು.’ (ಆ ಕೇಸು ಮುಗಿದಿದೆ ಎಂಬ ನಂಬಿಕೆ ಮರಿಯಣ್ಣನಿಗೆ ಇವತ್ತಿಗೂ ಇಲ್ಲ.)

‘ಆಯ್ತು, ನಾನೇ ಹಾಕ್ದೆ. ಭಾನುವಾರ ಸುಮ್ನೆ ಹಂಗೇ ಬರ್ತೀನಿ. ನಿಮ್ಮನೆಯವ್ರು, ಮಗಳು, ಎಲ್ಲಾ ಇರ್ತಾರೆ ತಾನೆ?’

ಮರಿಯಣ್ಣ ಫೋನು ಇಟ್ಟವನೇ ಹುಬ್ಬು ಗಂಟು ಹಾಕಿಕೊಂಡ. ಮಗಳಿದ್ದಾಳೆ ಎಂದು ಇವನಿಗೆ ಯಾರು ಹೇಳಿದರು? ಮನೆಯವರೆಲ್ಲ ಇರಬೇಕು ಎಂಬ ಷರತ್ತು ಯಾಕೆ? ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿಕೊಂಡೇ ಬಲೆ ಬೀಸುವುದು ಆ ಸೋಪಿನಪುಡಿಯವರ ಪದ್ಧತಿ. ಪೂರ್ವತಯಾರಿ ಜೋರಾಗಿಯೇ ನಡೆದಿದೆ.

‘ಇವನು ಬರೋದು ಇನ್ಶೂರೆನ್ಸ್‌ಗೆ, ಇಲ್ಲಾ ಸೈಟಿಗೆ, ಇಲ್ಲಾ ಆ ಸೋಪಿನಪುಡಿ ಚೈನಿಗೆ,’ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

‘ನೋಡೋಕೂ ಬರ್ಬೋದಲ್ಲ್ರೀ.’

‘ನನ್ನಾ? ಮೂವತ್ತೊಂದು ವರ್ಷ ಆದ್ಮೇಲೆ? ನನ್ನಲ್ಲಿ ನೋಡೋದೇನೈತೆ?’

‘ಅದೂ ನಿಜವೇ,’ ಎಂದು ಅಂಜಿನಮ್ಮ ಸೌತೆಕಾಯಿ ಹೆಚ್ಚುವುದನ್ನು ಮುಂದುವರಿಸಿದಳು.

ಭಾನುವಾರ ಬೆಳಿಗ್ಗೆ ಮರಿಯಣ್ಣ ರಕ್ಷಣಾ ವ್ಯವಸ್ಥೆ ಕೈಗೊಂಡ. ಬೆತ್ತದ ಕುರ್ಚಿಗಳು ಒಳಕೋಣೆ ಸೇರಿದವು. ಹೊಸ ಟೀವಿಯ ಮೇಲೆ ಹಳೇ ಪಂಚೆ ಬಿತ್ತು. ತಾನು ತೂತು ಬನಿಯನ್ನು ತೊಟ್ಟು, ಮೇ ತಿಂಗಳ ಸೆಕೆಯಲ್ಲಿ ಕೊರಳಿಗೆ ಮಫ್ಲರು ಸುತ್ತಿ ಕೂತ.

ಗಂಗಬೈರಯ್ಯ ಬಂದ. ಸ್ಕೂಲಿನಲ್ಲಿ ಕಡ್ಡಿಯಂತಿದ್ದವನು ಈಗ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಬರಬೇಕಾಯಿತು. ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ ಇಟ್ಟಿದ್ದನಂತೆ. ಕೈಯಲ್ಲಿ ಒಂದು ದೊಡ್ಡ ಬ್ಯಾಗು. ಮರಿಯಣ್ಣನ ಕಣ್ಣು ಬ್ಯಾಗಿನ ಮೇಲೆ. ಅದರಿಂದ ಹೊರಬಂದದ್ದು ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ, ಕೋಡುಬಳೆ ಪೊಟ್ಟಣ. ಕಾಗದಪತ್ರ ಒಂದೂ ಇಲ್ಲ. ಕಸುಬು ಬಲ್ಲವನು, ಮೊದಲ ಸಭೆಯಲ್ಲೇ ಅರ್ಜಿ ತೆಗೆಯುವುದಿಲ್ಲ ಎಂದುಕೊಂಡ ಮರಿಯಣ್ಣ.

ಉಭಯಕುಶಲೋಪರಿ ಸಾಂಪ್ರತ ನಡೆಯಿತು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟಿರುವ ಸಹಪಾಠಿಗೆ ಇನ್ನೂ ಮದುವೆಯಾಗಿಲ್ಲ ಎಂದು ಗಂಗಬೈರಯ್ಯ ಹೊಟ್ಟೆ ಕುಣಿಸಿ ನಕ್ಕ. ಮರಿಯಣ್ಣ ಒಂದನೇ ಸೂತ್ರ ನೆನೆದು ನಗಲಿಲ್ಲ.

‘ಮನೆ ನಿಮ್ಮಪ್ಪನ ಕಾಲದ್ದೇ ಏನ್ಲಾ? ಚೆನ್ನಾಗೈತೆ.’

ಬಂತು! ಸೈಟು! ಮರಿಯಣ್ಣ ಎರಡನೇ ಸೂತ್ರ ಬಿಚ್ಚಿದ. ‘ಏನ್ ಚೆನ್ನಾಗಿ ಗಂಗ? ನನ್ ತಮ್ಮ ಐದಾನಲ್ಲ, ಭಾಗಕ್ಕೆ ಕೋರ್ಟಿಗೆ ಹಾಕವ್ನೆ. ಎದುರಿಗೆ ಸಿಕ್ಕಿದ್ರೆ ತಲೆ ಒಡೀತೀನಿ ಅಂತಾನೆ. ಯಾವತ್ತು ಬೀದಿಗೆ ಬೀಳ್ತೀವೋ.’

ಒಳಗೆ ಪಾತ್ರೆಯೊಂದು ದಢಾರನೆ ಬಿತ್ತು. (ಆ ತಮ್ಮ ಹಿಂದಿನ ದಿನ ತಾನೇ ಅಣ್ಣನಿಗೆಂದು ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ತಂದು ಕೊಟ್ಟಿದ್ದ.)

‘ಆರೋಗ್ಯ ಹೆಂಗೈತೆ? ಮನೇಲಿ ಯಾರಿಗೂ ಬಿಪಿ, ಶುಗರ್ರು ಅಂತೇನಿಲ್ಲ ತಾನೆ?’

ಇನ್ಶೂರೆನ್ಸ್! ಮರಿಯಣ್ಣ ಎದೆ ಹಿಡಿದುಕೊಂಡ. ‘ನಂಗೆ ಎರಡೂ ಐತೆ ಗಂಗ. ನಮ್ ವಂಶದಲ್ಲಿ ಗಂಡಸ್ರು ಐವತ್ತೈದು ದಾಟಿಲ್ಲ. ಹೆಂಗಸ್ರು ಮಾತ್ರ ಗಟ್ಟಿ, ತೊಂಬತ್ತಾದ್ರೂ ಹೋಗಲ್ಲ. ನಂಗೆ ಡಾಕ್ಟ್ರು ಉಪ್ಪು ಬಿಡು ಅಂದ್ರು, ಸಿಹಿ ಬಿಡು ಅಂದ್ರು, ಬಾಡು ಮೂಸಿ ಕೂಡ ನೋಡ್ಬೇಡ ಅಂದವ್ರೆ. ಬರೀ ಗಂಜಿ, ಬೇಯ್ಸಿದ ಬೀನ್ಸು.’

ಗಂಗಬೈರಯ್ಯನ ಮುಖ ಪೆಚ್ಚಾಯಿತು. ಅಷ್ಟರಲ್ಲಿ ತೇಜಶ್ರೀ ಕಾಫಿ ತಂದಳು. ಅವನು ಅವಳನ್ನೇ ಅಕ್ಕರೆಯಿಂದ ನೋಡಿ, ‘ಏನ್ ಓದಿದೀಯವ್ವಾ? ಮಕ್ಕಳಿಗೆ ಪಾಠ ಹೇಳೋದು ಬೇಜಾರಾಗಲ್ವಾ?’ ಎಂದ. ಸೋಪಿನಪುಡಿಯವರು ಮೊದಲು ವಯಸ್ಸಿನ ಹುಡುಗಿಯರನ್ನೇ ಹಿಡಿಯುವುದು! ‘ಅವ್ಳಿಗೆ ತಲೆನೋವು,’ ಎಂದು ಮರಿಯಣ್ಣ ಮಗಳನ್ನು ಒಳಗಟ್ಟಿದ. ತನಗೆ ತಲೆನೋವಿದೆಯೆಂದು ಆಗಷ್ಟೇ ತಿಳಿದ ತೇಜಶ್ರೀ ಅಪ್ಪನನ್ನು ಕೆಕ್ಕರಿಸಿ ನೋಡಿ ಹೋದಳು.

‘ನೆಂಟ್ರು ಇಷ್ಟ್ರು ಜಾಸ್ತೀನಾ?’

‘ಒಬ್ರೂ ಮನೆಗೆ ಸೇರ್ಸಲ್ಲ ಗಂಗ. ನಾನು ಬೀದೀಲಿ ಬರ್ತಿದ್ರೆ ಬಾಗಿಲು ಹಾಕ್ಕೋತಾರೆ.’ ಚೈನು ಅಲ್ಲಿಗೇ ತುಂಡಾಯಿತು. ಮರಿಯಣ್ಣ ಸಕ್ಕರೆ ಹಾಕಿದ ಕಾಫಿಯನ್ನು ನಿಟ್ಟುಸಿರಿನೊಂದಿಗೆ ಪಕ್ಕಕ್ಕೆ ಸರಿಸಿ ಕೂತ.

ಗಂಗಬೈರಯ್ಯ ತನ್ನ ಲೋಟದ ಕಾಫಿ ಮುಗಿಸಿದ. ಆಮೇಲೆ ಎದ್ದು, ಮರಿಯಣ್ಣನ ಭುಜ ಹಿಸುಕಿ, ಏನನ್ನೂ ಮಾರದೆ ಹೊರಟುಹೋದ.

‘ನೋಡ್ದಾ? ಒಂದು ಮಾತಿಲ್ದಂಗೆ ಜಾಗ ಖಾಲಿ ಮಾಡಿಸ್ದೆ!’ ಎಂದು ಮರಿಯಣ್ಣ ಮಫ್ಲರು ಕಿತ್ತೆಸೆದು ಕೋಡುಬಳೆ ಪೊಟ್ಟಣ ಬಿಚ್ಚಿದ. ಅಂಜಿನಮ್ಮ ಉತ್ತರ ಕೊಡುವ ಮೊದಲೇ ಫೋನು ಬಡಿದುಕೊಂಡಿತು. ಮತ್ತಿಕೆರೆಯಿಂದ ಅಕ್ಕ ಮುನಿಯಕ್ಕ.

‘ಗಂಗಣ್ಣ ಬಂದಿದ್ರೇನೇ? ತೇಜು ಫೋಟೋ ಕೊಟ್ಟಿದ್ನಲ್ಲ, ಅವ್ರ ಮಗ ಅನಿಲ್ ಕುಮಾರಂಗೆ. ಕೆಇಬಿನಲ್ಲಿ ಇಂಜಿನಿಯರು. ಹುಡ್ಗ ಒಪ್ಪವ್ನೆ. ಹುಡ್ಗೀ ಅಪ್ಪ ನನ್ ಕ್ಲಾಸ್‌ಮೇಟೇ, ಮುಂಚೆ ಹೇಳಿದ್ರೆ ಮನೆಗೆ ಸುಣ್ಣ ಬಳ್ಸಿ ಸುಳ್ಳು ಹೇಳ್ಕೊಂಡು ಕೂರ್ತಾರೆ, ಸುಮ್ನೆ ಹೋಗಿ ನಿಜಸ್ಥಿತಿ ನೋಡ್ಕೊಂಡ್ ಬರ್ತೀನಿ ಅಂದ್ರು.’

ಅಂಜಿನಮ್ಮ ರಿಸೀವರು ಕೆಳಗಿಟ್ಟ ರೀತಿಗೇ ಮರಿಯಣ್ಣನ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು.

‘ತೋರ್ಸಿದ್ರಲ್ಲ ನಿಜಸ್ಥಿತಿ!’ ಎಂದಳು. ಆಮೇಲೆ ಅವಳು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಸಾರಾಂಶ ಇಷ್ಟು: ಐವತ್ತೈದಕ್ಕೆ ಯಾಕೆ ಕಾಯಬೇಕು, ಈಗಲೇ ಆಗಬಾರದೇ.

‘ನಾಳೆ ಹೋಗಿ ಎಲ್ಲಾ ಸುಳ್ಳು ಅಂತ ಹೇಳ್ಬಿಡ್ತೀನಿ ಕಣೇ.’

‘ಹೇಳಿ. ಕಾಲಿಗ್ ಬಿದ್ದು ಹೇಳಿ. ಈ ಸಂಬಂಧ ಹೋದ್ರೆ ನಾನಲ್ಲ, ನಿಮ್ ಮಗಳೇ ಮನೆ ಬಿಡ್ತಾಳೆ. ನಮ್ಮಕ್ಕ ಕಳ್ಸಿದ್ದ ಆ ಹುಡ್ಗನ್ ಫೋಟೋ ಅವ್ಳ ಪುಸ್ತಕದೊಳಗೆ ಐತೆ, ನಾನ್ ನೋಡಿದೀನಿ.’

ತೇಜಶ್ರೀ ಬಾಗಿಲಲ್ಲಿ ನಿಂತಿದ್ದಳು. ಅವಳು ಕಿರುಚಾಡಿದ್ದರೆ ಮರಿಯಣ್ಣ ತಡೆದುಕೊಳ್ಳುತ್ತಿದ್ದ, ಅವನಿಗೆ ಅದು ಅಭ್ಯಾಸ. ಅವಳು ‘ಅಪ್ಪಾ’ ಎಂದಷ್ಟೇ ಹೇಳಿ ಒಳಗೆ ಹೋದಳು. ಮರಿಯಣ್ಣ ಕೋಡುಬಳೆಯ ಪೊಟ್ಟಣವನ್ನು ಮತ್ತೆ ಕಟ್ಟಿಟ್ಟ.

ಮರುದಿನ ರಜೆ ಹಾಕಿ ತರಗುಪೇಟೆಗೆ ಹೋದ. ತೊಗರಿಬೇಳೆಯ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಮಂಡಿಯೊಳಗೆ ಕಾಲಿಟ್ಟು, ‘ಗಂಗ, ನಿನ್ನೆ ನಾನು ಹೇಳಿದ್ದು…’ ಎನ್ನುತ್ತಿದ್ದಂತೆ ಗಂಗಬೈರಯ್ಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟ.

‘ಏನೂ ಹೇಳ್ಬೇಡ ಕಣ್ಲಾ! ಎಂಟು ಮನೆ ನೋಡ್ಕೊಂಡ್ ಬಂದೆ ನಾನು. ಒಬ್ಬ ಪಕ್ಕದ್ಮನೆ ತೋರ್ಸಿ ನಂದೇ ಅಂದ. ಒಬ್ಬ ಬಾಡಿಗೆ ಕಾರು ತಂದು ನಿಲ್ಸಿದ್ದ. ಇನ್ನೊಬ್ಬ ಕೆಮ್ತಾ ಕೆಮ್ತಾ ಗುಂಡುಕಲ್ಲಂಗಿದೀನಿ ಅಂದ. ನೀನೊಬ್ಬ ಕಣೋ ಎಲ್ಲಾ ಬಿಚ್ಚಿ ಹೇಳಿದ್ದು! ರಾತ್ರಿ ನಮ್ಮವ್ವಂಗೆ ಹೇಳ್ದೆ. ಅವ್ವ ಏನಂದ್ಲು ಗೊತ್ತಾ? ಇಂಥ ಸತ್ಯವಂತನ ಮನೆ ಹೆಣ್ಣು ಬಿಟ್ರೆ ನಮಗೆ ಪಾಪ ಬತ್ತದೆ ಅಂದ್ಲು. ಕಾಯಿಲೆ ನಿಮ್ಮಲ್ಲಿ ಗಂಡಸ್ರಿಗೆ ತಾನೆ? ಹೆಂಗಸ್ರು ತೊಂಬತ್ತು ವರ್ಷ ಇರ್ತಾರಲ್ಲ, ಸಾಕು!’

ಮರಿಯಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

‘ನೀನ್ ಹೇಳಿದ್ರಲ್ಲಿ ಒಂದು ಸುಳ್ಳು ಇದ್ದಿದ್ರೂ ಈ ಸಂಬಂಧ ಬೇಡ ಅಂತಿದ್ದೆ,’ ಎಂದ ಗಂಗಬೈರಯ್ಯ ಕಣ್ಣೊರೆಸಿಕೊಂಡು. ‘ಸುಳ್ಳೇನೂ ಇಲ್ವಲ್ಲ?’

ಮರಿಯಣ್ಣನಿಗೆ ಹಿಂದಿನ ದಿನ ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಕಣ್ಣ ಮುಂದೆ ಬಂತು. ಮೂಟೆಗಳನ್ನು ಒಂದು ಸಲ ನೋಡಿದ. ‘ಇಲ್ಲ ಗಂಗ,’ ಎಂದ. ‘ಎಲ್ಲಾ ನಿಜ.’

ಮದುವೆ ಗೊತ್ತಾಯಿತು. ಅಲ್ಲಿಂದ ಮರಿಯಣ್ಣನ ಎರಡನೇ ಹೋರಾಟದ ಬದುಕು ಶುರುವಾಯಿತು. ತಮ್ಮನನ್ನು ಕೂರಿಸಿಕೊಂಡು, ಮದುವೆಮನೆಯಲ್ಲಿ ನನ್ನ ಮೇಲೆ ಮುನಿಸಿಕೊಂಡಿರು ಎಂದು ಬೇಡಿಕೊಂಡ. ‘ಯಾಕಣ್ಣ?’ ‘ಕೇಳ್ಬೇಡ, ಮುನಿಸ್ಕೋ.’ ಪಾಪದ ಪ್ರಾಣಿ, ಛತ್ರದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತ. ಧಾರೆ ಮುಗಿಯುವವರೆಗೆ ಹಾಗೇ ಕೂತು ಕೂತು ಅವನಿಗೆ ನಿಜವಾಗಿಯೂ ಸಿಟ್ಟು ಬಂದುಬಿಟ್ಟಿತು. ಬಾಲ್ಯದಲ್ಲಿ ಅಣ್ಣ ತನ್ನ ಬುಗುರಿ ಒಡೆದದ್ದೂ ಸೇರಿ ಎಲ್ಲ ನೆನಪಾಗಿ, ಊಟ ಮಾಡದೆ ಎದ್ದು ಹೋದ. ಗಂಗಬೈರಯ್ಯ ಅದನ್ನು ನೋಡಿ, ‘ಪಾಪ, ಮರಿ ಹೇಳಿದ್ದು ಅಕ್ಷರ ಅಕ್ಷರ ನಿಜ,’ ಎಂದು ಸಿಕ್ಕಸಿಕ್ಕ ಸಹಪಾಠಿಗಳಿಗೆಲ್ಲ ಹೇಳಿದ. ಸಹಪಾಠಿಗಳು ಸಾಲಾಗಿ ಬಂದು, ಇನ್ನೆಷ್ಟು ದಿನವೋ ಎಂಬ ಹಾಗೆ ಮರಿಯಣ್ಣನ ಕೈ ಹಿಡಿದು ಹೋದರು.

ಮೂರನೇ ದಿನ ಬೀಗರೂಟ. ಗಂಡಿನ ಕಡೆಯವರು ಮೈಸೂರು ರಸ್ತೆಯ ಛತ್ರದಲ್ಲಿ ಎಂಟುನೂರು ಎಲೆ ಹಾಕಿಸಿದ್ದರು. ಹದಿನೆಂಟು ಕುರಿ ಬಿದ್ದಿದ್ದವು. ಒಳಗೆ ಕಾಲಿಟ್ಟರೆ ಸಾಕು, ಮಸಾಲೆ ಬೆಂದ ಘಮಕ್ಕೆ ಹೊಟ್ಟೆ ತಾನೇ ಎದ್ದು ಮುಂದೆ ಹೋಗುತ್ತಿತ್ತು. ಮುದ್ದೆ, ಬೋಟಿ ಗೊಜ್ಜು, ಕೈಮಾ ಉಂಡೆ, ನಲ್ಲಿಮೂಳೆ ಸಾರು. ಎರಡು ತಿಂಗಳಿಂದ ಬೀಗರ ಕಣ್ಣಿಗೆ ಬೀಳುತ್ತೇನೆಂದು ಹೋಟೆಲಿನ ಮೆಟ್ಟಿಲನ್ನೂ ಹತ್ತದೆ ಇದ್ದ ಮರಿಯಣ್ಣ, ಇಷ್ಟು ಗದ್ದಲದಲ್ಲಿ ಯಾರು ನೋಡುತ್ತಾರೆ ಎಂದು ಪಂಕ್ತಿಯ ಕೊನೆಯಲ್ಲಿ, ಕಂಬದ ಮರೆಯಲ್ಲಿ ಕೂತ.

‘ಲೋ, ಬೀಗ ಎಲ್ಲಿ? ಬೀಗನ್ನ ಮುಂದಕ್ ಕರ್ಕೊಂಡ್ ಬನ್ರೋ!’

ಕರೆತಂದು ನಡುಮಧ್ಯೆ ಕೂರಿಸಿದರು. ಎಡಕ್ಕೆ ಅಂಜಿನಮ್ಮ. ಎದುರಿಗೆ ಮಣೆ ಹಾಕಿಕೊಂಡು ಗಂಗಬೈರಯ್ಯನ ತಾಯಿ, ಎಂಬತ್ತರ ಬೈರಮ್ಮ, ಕಾವಲಿಗೆ. ಅಂಜಿನಮ್ಮನ ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು, ಬೊಗಸೆಯಷ್ಟು ತುಂಡು ಬಿತ್ತು. ಮರಿಯಣ್ಣನ ಮುಂದೆ ಗಂಗಬೈರಯ್ಯ ತಾನೇ ಕೈಯಾರೆ ಒಂದು ಬಟ್ಟಲು ತಂದಿಟ್ಟ.

‘ಬೇರೆ ಒಲೆ ಮೇಲೆ, ಬೇರೆ ಪಾತ್ರೇಲಿ ಮಾಡ್ಸಿದೀನಿ ಕಣ್ಲಾ. ಗಂಜಿ, ಬೀನ್ಸು. ಒಂದ್ ಕಾಳು ಉಪ್ಪಿಲ್ಲ. ಇನ್ಮೇಲೆ ಯಾವ್ ಹಬ್ಬಕ್ ಬಂದ್ರೂ ನಮ್ಮನೇಲಿ ನಿಂಗೆ ಇದೇ. ಸೊಸೇಗೂ ಹೇಳಿದೀನಿ.’

ಪಕ್ಕದಲ್ಲಿ ನಿಂತಿದ್ದ ತೇಜಶ್ರೀ, ‘ಹ್ಞೂಂ ಮಾವ, ನಾನೇ ನಿಂತು ನೋಡ್ಕೋತೀನಿ,’ ಎಂದಳು. ಅವಳ ಮುಖದಲ್ಲಿ ಕರುಣೆಯ ಸುಳಿವೇ ಇರಲಿಲ್ಲ.

ಮರಿಯಣ್ಣ ತುಟಿ ಅಲುಗಿಸದೆ ಪಕ್ಕಕ್ಕೆ ಬಾಗಿದ. ‘ಅಂಜೀ, ಒಂದೇ ಒಂದ್ ತುಂಡು ಈ ಕಡೆ ತಳ್ಳೇ.’

ಅಂಜಿನಮ್ಮ ನಲ್ಲಿಮೂಳೆಯನ್ನು ಬಾಯಿಗಿಟ್ಟು ಸೊರ್‍ರೆಂದು ಎಳೆದು, ನಿಧಾನವಾಗಿ ಒಳಗಿನದನ್ನು ನುಂಗಿ, ಸಭೆಗೆಲ್ಲ ಕೇಳುವ ಹಾಗೆ ಹೇಳಿದಳು: ‘ನೋಡಿ ಬೀಗ್ರೇ, ಇವ್ರು ಆಸೆ ಪಡ್ತಾವ್ರೆ!’

‘ಅಯ್ಯೋ ಬ್ಯಾಡ!’ ಎಂದು ಹತ್ತು ಕೈಗಳು ಅವನ ಸುತ್ತಲಿದ್ದ ಎಲೆಗಳನ್ನು ಮೊಳದಷ್ಟು ದೂರ ಎಳೆದವು. ಎಂಟುನೂರು ಜನ ಮೂಳೆ ಚೀಪುವ ಸದ್ದಿನ ನಡುವೆ ಮರಿಯಣ್ಣ ಒಬ್ಬನೇ ಬಟ್ಟಲು ಎತ್ತಿಕೊಂಡ. ಧಿಕ್ಕಾರ ಕೂಗೋಣವೆಂದರೆ ಯಾರಿಗೆ ಕೂಗುವುದು? ಕಣ್ಣು ತುಂಬಿಬಂತು. ಒಂದು ಹನಿ ಮೂಗಿನ ತುದಿಗೆ ಬಂದು, ಇನ್ನೇನು ಗಂಜಿಗೆ ಬೀಳಬೇಕು, ಬೈರಮ್ಮ ಗಬಕ್ಕನೆ ಮುಂದೆ ಬಾಗಿ ಸೆರಗಿನಿಂದ ಅದನ್ನು ಒರೆಸಿಬಿಟ್ಟರು.

‘ಅಳ್ಬ್ಯಾಡ ಕಣಪ್ಪಾ,’ ಎಂದರು. ‘ಅದ್ರಾಗೂ ಉಪ್ಪೈತೆ.’