ಕನ್ನಡಕದವರು ಬಿಟ್ಟ ರೈಲು

ಕನ್ನಡಕದವರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ. ಆಕೆಗೆ ಎಲ್ಲವೂ ನೆನಪಿರುತ್ತಿತ್ತು.

ಲೋಕದ ಗಂಡಂದಿರು ಹೆಂಡತಿ ಅದನ್ನು ಮರೆತಳು, ಇದನ್ನು ಮರೆತಳು ಎಂದು ಗೊಣಗುತ್ತಾರೆ. ಅಂಥ ಪುಣ್ಯ ಇವರ ಹಣೆಯಲ್ಲಿ ಬರೆದಿರಲಿಲ್ಲ. ಆಕೆ ಶಾಲೆಯೊಂದರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆ. ಯಾವ ಹುಡುಗಿ ಯಾವ ವರ್ಷ ಯಾವ ಸುಳ್ಳು ಹೇಳಿ ರಜೆ ಹಾಕಿದ್ದಳು ಎಂಬುದನ್ನು, ಆ ಹುಡುಗಿ ತನ್ನ ಮಗಳನ್ನು ಶಾಲೆಗೆ ಸೇರಿಸಲು ಬಂದಾಗ ಹೇಳಬಲ್ಲವಳು. ಅಂಥವಳ ಮುಂದೆ ಗಂಡನ ಮಾತು ಎಷ್ಟರದು?

‘ಬಚ್ಚಲಿನ ಚಿಲಕ ಸರಿಮಾಡ್ತೀನಿ ಅಂತ ನಾನು ಹೇಳೇ ಇಲ್ಲ’ ಎಂದರೆ ಮುಗಿಯಿತು.

‘ಹೇಳಿದ್ರಿ. ಮಂಗಳವಾರ ಬೆಳಿಗ್ಗೆ. ಒಂದು ಕಾಲಿಗೆ ಸಾಕ್ಸು ಹಾಕ್ಕೊಂಡು ಇನ್ನೊಂದನ್ನ ಹುಡುಕ್ತಾ ಇದ್ರಿ. ಅದು ಪೇಪರ್ ಕೆಳಗಿತ್ತು.’

ಸಾಕ್ಸು ಸಿಕ್ಕ ಜಾಗದ ಸಮೇತ ಸಾಕ್ಷಿ ಹೇಳುವವಳನ್ನು ಯಾವ ವಕೀಲ ಅಡ್ಡಪ್ರಶ್ನೆ ಹಾಕಿ ಗೆಲ್ಲಬಲ್ಲ?

ಕನ್ನಡಕದವರದು ಮುಖ್ಯರಸ್ತೆಯ ತಿರುವಿನಲ್ಲಿ ಒಂದು ಕನ್ನಡಕದಂಗಡಿ. ಕಣ್ಣು ಪರೀಕ್ಷೆ ಮಾಡಿ, ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ ಕೊಡುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ವಿಜ್ಞಾನದ ಪತ್ರಿಕೆ ಓದುತ್ತಿದ್ದರು. (ಪದವಿ ಇಲ್ಲದಿದ್ದರೂ ಬಿಳಿ ಕೋಟು ಇತ್ತು. ಕೋಟಿಗೂ ಒಂದು ಮರ್ಯಾದೆ ಕೊಡಬೇಕಲ್ಲ!) ಹಾಗೆ ಓದುತ್ತಿದ್ದಾಗ ಒಂದು ದಿನ ಅವರ ಕಣ್ಣು ತೆರೆಸುವ ಲೇಖನವೊಂದು ಸಿಕ್ಕಿತು. ನೆನಪೆಂಬುದು ಆಲ್ಬಮ್ಮಿನಲ್ಲಿ ಅಂಟಿಸಿದ ಚಿತ್ರವಲ್ಲವಂತೆ. ಪ್ರತಿಸಲ ನೆನೆದಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದಂತೆ. ನಡೆಯದೇ ಇದ್ದ ಘಟನೆಯನ್ನೂ ಹೀಗಿತ್ತು ಹಾಗಿತ್ತು ಎಂದು ನಾಲ್ಕು ಸಲ ಹೇಳಿದರೆ, ಕೆಲವರು ‘ಹೌದಲ್ಲ, ನಡೆದಿತ್ತು’ ಎನ್ನತೊಡಗುತ್ತಾರಂತೆ.

ಕನ್ನಡಕದವರು ಅಂಗಡಿಯ ಬಾಗಿಲನ್ನು ಅರ್ಧ ಗಂಟೆ ಮೊದಲೇ ಎಳೆದು ಮನೆಗೆ ಓಡಿದರು.

‘ನೋಡು, ನೆನಪಲ್ಲಿ ಅರ್ಧ ಬರೀ ನೆಪ! ಅದು ಪೆಟ್ಟಿಗೇಲಿಟ್ಟ ಫೋಟೋ ಅಲ್ಲ ಕಣೇ, ಪ್ರತಿಸಲ ಹೊಸದಾಗಿ ಮಾಡೋ ಅಡುಗೆ ಇದ್ದಹಾಗೆ.’

‘ಹಾಗಾದ್ರೆ ಚಿಲಕದ ವಿಷಯ?’

‘ಅದು ನಿನ್ನ ತಲೆ ಬೇಯಿಸಿದ್ದು.’

‘ಸರಿ. ಇವತ್ತು ಊಟಕ್ಕೂ ಅದನ್ನೇ ಬಡಿಸ್ಕೊಳ್ಳಿ’ ಎಂದು ಆಕೆ ಒಲೆ ಆರಿಸಿದಳು.

ಬ್ರೆಡ್ಡು ತಿಂದು ಮಲಗಿದ ಮನುಷ್ಯನಲ್ಲಿ ವೈಜ್ಞಾನಿಕ ಛಲ ಹುಟ್ಟುವುದು ಸಹಜ. ಆಕೆಯ ತಲೆಯಲ್ಲೇ ಒಂದು ಸುಳ್ಳು ನೆನಪು ನೆಟ್ಟು, ಅದು ಮರವಾದ ಮೇಲೆ ನಾಲ್ಕು ಜನರ ಮುಂದೆ ಬುಡಸಮೇತ ಕಿತ್ತು ತೋರಿಸಬೇಕು. ಅಲ್ಲಿಗೆ ಆ ಇಪ್ಪತ್ತೆರಡು ವರ್ಷದ ದಾಖಲೆಗಳೆಲ್ಲ ರದ್ದು!

ಮರುದಿನ ಅಂಗಡಿಯಲ್ಲಿ ಕೂತು ಫೋನಿನ ಕೃತಕ ಬುದ್ಧಿಮತ್ತೆಯನ್ನು ಕೇಳಿದರು. ಅದು ಬಹಳ ಸಂಭಾವಿತ ಯಂತ್ರ. ಮನೆಯವರಿಗೆ ತಿಳಿಸದೆ ಅವರ ಮೇಲೆ ಇಂಥ ಪ್ರಯೋಗ ಮಾಡುವುದು ಒಳ್ಳೆಯದಲ್ಲ, ಅದಕ್ಕಿಂತ ಚಿಲಕವನ್ನೇ ಸರಿಮಾಡಬಹುದಲ್ಲ ಎಂದು ವಿನಯದಿಂದ ಸಲಹೆ ಕೊಟ್ಟಿತು. (ಚಿಲಕದ ವಿಷಯ ಅದರ ಮುಂದೆ ಬಾಯಿಬಿಟ್ಟದ್ದೇ ತಪ್ಪಾಗಿತ್ತು.) ‘ಇಲ್ಲ, ಇದು ಒಂದು ಕಥೆಗಾಗಿ’ ಎಂದು ಕನ್ನಡಕದವರು ಯಂತ್ರಕ್ಕೂ ಸುಳ್ಳು ಹೇಳಿದರು. ಆಗ ಅದು ಉತ್ಸಾಹದಿಂದ ಕಥೆ ಹೆಣೆಯಿತು. ಮದುವೆಯಾದ ಹೊಸತು. ಹೆಂಡತಿಯ ಅಣ್ಣನ ಮನೆಯಿಂದ ವಾಪಸು ಬರುವಾಗ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕು. ಗದ್ದಲದಲ್ಲಿ ಆಕೆ ಬೇರೆ ರೈಲು ಹತ್ತಿಬಿಡುತ್ತಾಳೆ. ಮುಂದಿನ ಸ್ಟೇಷನ್ನಿನಲ್ಲಿ ಆಕೆಯನ್ನು ಇಳಿಸಿ ಕೂರಿಸಿರುತ್ತಾರೆ. ಗಂಡ ಧೀರನಂತೆ ಹೋಗಿ ಕರೆತರುತ್ತಾನೆ. ಒಟ್ಟಿನಲ್ಲಿ ಯಂತ್ರದ ನೆರವಿನಿಂದ ಕನ್ನಡಕದವರು ಒಂದು ಒಳ್ಳೆಯ ರೈಲು ಬಿಟ್ಟರು.

ಜೊತೆಗೊಂದು ಹಳೆಯ ಫೋಟೋವನ್ನೂ ಮಾಡಿಸಿಕೊಂಡರು. ಸ್ಟೇಷನ್ನಿನ ಬೆಂಚಿನ ಮೇಲೆ ಗಂಡಹೆಂಡತಿ, ಪಕ್ಕದಲ್ಲೊಂದು ಹಸಿರು ಬ್ಯಾಗು. ಯಂತ್ರ ಅವರ ತಲೆಯ ಮೇಲೆ ಉದಾರವಾಗಿ ಕೂದಲು ಸುರಿದಿತ್ತು. ಅಷ್ಟು ಕೂದಲು ಅವರ ವಂಶದಲ್ಲೇ ಯಾರಿಗೂ ಇರಲಿಲ್ಲ. ಆ ಒಂದು ತಪ್ಪನ್ನು ತಿದ್ದಿಸಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲ. ಫೋಟೋವನ್ನು ಅಚ್ಚು ಹಾಕಿಸಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಮುಪ್ಪು ಬರಿಸಿದರು. ಫೋನಿನಲ್ಲಿದ್ದ ಸಂಭಾಷಣೆಯನ್ನೆಲ್ಲ ಜಾಣತನದಿಂದ ಅಳಿಸಿಹಾಕಿದರು. ಅಪರಾಧಿ ಸುಳಿವು ಬಿಡಬಾರದು ನೋಡಿ.

ಸಂಜೆ ಆಕೆ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದಾಗ ಬೀಜ ಬಿತ್ತಿದರು.

‘ನಿನಗೆ ನೆನಪಿದ್ಯಾ, ಹೊಸದರಲ್ಲಿ ನಿಮ್ಮಣ್ಣನ ಮನೆಯಿಂದ ಬರುವಾಗ ನೀನು ಬೇರೆ ರೈಲು ಹತ್ತಿಬಿಟ್ಟಿದ್ದು?’

ಆಕೆ ದಾರ ಕಚ್ಚಿ ಕಡಿದು ಗಂಡನ ಮುಖವನ್ನೇ ನೋಡಿದಳು. ‘ನಾನು? ದಾರಿ ತಪ್ಪಿದ್ದು? ಇಲ್ಲವಲ್ಲ.’

‘ನಿಧಾನವಾಗಿ ಯೋಚನೆ ಮಾಡು’ ಎಂದು ಫೋಟೋ ಮುಂದಿಟ್ಟರು. ‘ಹಳೇ ಕಾಗದದ ಕಟ್ಟಿನಲ್ಲಿ ಸಿಕ್ತು.’

ಆಕೆ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಎಷ್ಟು ಕೂದಲಿತ್ತು ರೀ ನಿಮಗೆ’ ಎಂದಷ್ಟೇ ಹೇಳಿ ಗುಂಡಿಯ ಕೆಲಸಕ್ಕೆ ಮರಳಿದಳು.

ಮೂರನೆಯ ದಿನ ಮೊಳಕೆ ಒಡೆಯಿತು. ‘ರೀ, ಆ ಹಸಿರು ಬ್ಯಾಗು... ಏನೋ ಮಸುಕು ಮಸುಕಾಗಿ ನೆನಪಾಗ್ತಿದೆ.’ ಐದನೆಯ ದಿನ ಎಲೆ ಬಿಟ್ಟಿತು. ‘ಅದರ ಜಿಪ್ಪು ಹಾಳಾಗಿತ್ತಲ್ವಾ?’ ಕನ್ನಡಕದವರಿಗೆ ಕುಣಿಯುವಷ್ಟು ಖುಷಿ. ಅಂಗಡಿಯ ನೋಟುಪುಸ್ತಕದಲ್ಲಿ ‘ಪ್ರಯೋಗಪಶು ತಾನಾಗಿಯೇ ವಿವರ ಸೇರಿಸುತ್ತಿದೆ’ ಎಂದು ಬರೆದುಕೊಂಡರು. ಎಂಟನೆಯ ದಿನ ಆಕೆ, ‘ಅವತ್ತು ನೀವು ಅತ್ತಿದ್ರಿ, ಪಾಪ’ ಎಂದಾಗ ಮಾತ್ರ ಪೆನ್ನು ಸ್ವಲ್ಪ ತಡವರಿಸಿತು. ಇರಲಿ, ವಿಜ್ಞಾನಕ್ಕಾಗಿ ಒಂದಿಷ್ಟು ಕಣ್ಣೀರು ಎಂದುಕೊಂಡರು.

ಭಾನುವಾರ ಅತ್ತೆಯನ್ನೂ ಷಡ್ಡಕರನ್ನೂ ಊಟಕ್ಕೆ ಕರೆದರು. ಷಡ್ಡಕರೆಂದರೆ ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಎದುರಿನವರು ಬಾಯಿ ತೆರೆದುಕೊಂಡು ಸುಮ್ಮನಿರುವುದೇ ಅವರಿಗೆ ರೂಢಿ. ಊಟ ಮುಗಿದ ಮೇಲೆ ಕನ್ನಡಕದವರು ಗಂಟಲು ಸರಿಮಾಡಿಕೊಂಡು, ‘ಆ ರೈಲಿನ ಕಥೆ ಹೇಳೇ’ ಎಂದರು.

ಹೆಂಡತಿ ಹೇಳಿದಳು. ಅದೇನು ಹೇಳಿದಳು ಅಂತೀರಿ! ರೈಲು ಹೊರಟಿತಂತೆ. ಇತ್ತ ಇವರು ಪ್ಲಾಟ್‌ಫಾರಂ ಮೇಲೆ ಹೊರಳಾಡಿ ಅತ್ತರಂತೆ. ಕರವಸ್ತ್ರ ಸಿಗದೆ ಗಾರ್ಡಿನ ಹಸಿರು ಬಾವುಟಕ್ಕೇ ಮೂಗು ಒರೆಸಿದರಂತೆ. ‘ಗಾರ್ಡೇ ಆಮೇಲೆ ನನಗೆ ಹೇಳಿದ್ರು. ಇವರನ್ನ ನೋಡಿ ಇಂಜಿನ್ ಡ್ರೈವರ್ ಕೂಡ ಕಣ್ಣು ಒರೆಸ್ಕೊಂಡ್ರಂತೆ. ಆಗ ಇವರು ಹರಕೆ ಹೊತ್ತಹಾಗೆ ಕೂಗಿದ್ರಂತೆ, ನನ್ನ ಹೆಂಡತಿ ಸಿಕ್ಕರೆ ಜೀವ ಇರೋವರೆಗೂ ಭಾನುವಾರ ಅವಳನ್ನ ಅಡುಗೆಮನೆಗೆ ಬಿಡಲ್ಲ, ಎರಡು ಹೊತ್ತಿನ ಅಡುಗೆ ನಂದು, ಪಾತ್ರೆ ನಂದು ಅಂತ.’

‘ಹೌದೌದು’ ಎಂದರು ಅತ್ತೆ. ‘ಅಳಿಯಂದ್ರು ಅವತ್ತೇ ನನಗೆ ಫೋನ್ ಮಾಡಿ ಹೇಳಿದ್ರು. ಅಳುವಿನಲ್ಲಿ ಅರ್ಧ ಮಾತು ಕೇಳಿಸ್ಲಿಲ್ಲ. ಪಾತ್ರೆ ಅನ್ನೋದು ಮಾತ್ರ ಸ್ಪಷ್ಟವಾಗಿ ಕೇಳಿಸ್ತು.’

ಕನ್ನಡಕದವರು ಕುರ್ಚಿಯಿಂದ ಚಂಗನೆ ಎದ್ದರು. ‘ಸುಳ್ಳು! ಎಲ್ಲಾ ಸುಳ್ಳು! ಇದೊಂದು ಪ್ರಯೋಗ! ರೈಲೂ ಇಲ್ಲ, ಗಾರ್ಡೂ ಇಲ್ಲ. ನಾನೇ ಹುಟ್ಟಿಸಿದ ಕಥೆ ಇದು!’

ಅತ್ತೆ ಮೆಲ್ಲಗೆ ‘ಪಾಪ’ ಎಂದರು.

‘ಈ ಫೋಟೋ ಕೂಡ ನಾನು ಯಂತ್ರದ ಹತ್ತಿರ ಮಾಡಿಸಿದ್ದು!’

ಷಡ್ಡಕರು ಫೋಟೋವನ್ನು ಎಕ್ಸ್‌ರೇ ನೋಡುವಂತೆ ಎತ್ತಿ ನೋಡಿದರು. ‘ಕಾಗದ ಹಳೇದೇ. ಟೀ ವಾಸನೆ ಬೇರೆ ಬರ್ತಿದೆ. ಸ್ಟೇಷನ್ನಲ್ಲೇ ಚೆಲ್ಲಿರಬೇಕು. ಆಯ್ತು, ಆ ಯಂತ್ರದ ಹತ್ತಿರ ಮಾತಾಡಿದ್ದು ತೋರಿಸಿ.’

‘ಅಳಿಸಿಬಿಟ್ಟೆ.’

‘ಹೂಂ’ ಎಂದರು ಷಡ್ಡಕರು, ಹಲ್ಲು ಕೀಳಲೇಬೇಕು ಎನ್ನುವಾಗಿನ ದನಿಯಲ್ಲಿ. ‘ನೆನಪನ್ನ ನಂಬೋಕಾಗಲ್ಲ, ಮಿದುಳು ತನಗೆ ಬೇಕಾದಹಾಗೆ ತಿದ್ದಿಬಿಡುತ್ತೆ ಅಂತ ಹೋದ ವಾರ ಫೋನಲ್ಲಿ ಒಂದು ಗಂಟೆ ಪಾಠ ಮಾಡಿದೋರು ನೀವೇ. ಗಂಡಸು ನಾಲ್ಕು ಜನರ ಮುಂದೆ ಅತ್ತಿದ್ದನ್ನ ಅವನ ಮಿದುಳು ಇಟ್ಟುಕೊಳ್ಳುತ್ತಾ? ಒರೆಸಿಹಾಕಿದೆ.’

ಕನ್ನಡಕದವರು ಕೊನೆಯ ಆಸರೆಯಾಗಿ ಕೈಮುಗಿದು, ‘ಅತ್ತೇ...’ ಎಂದರು.

‘ನೋಡಿ! ಅತ್ತೆ ಅಂತ ಅವರೇ ಒಪ್ಪಿಕೊಂಡ್ರು!’ ಎಂದು ಷಡ್ಡಕರು ಮೇಜು ಕುಟ್ಟಿದರು.

ಅಂದೇ ಸಂಜೆಯಿಂದ ಹರಕೆ ಜಾರಿಗೆ ಬಂತು. ಫೋಟೋ ಗಾಜಿನ ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಗೇರಿತು.

ಮೊದಲ ಭಾನುವಾರ ಕನ್ನಡಕದವರು ಹಲ್ಲು ಕಚ್ಚಿಕೊಂಡು ಅಡುಗೆ ಮಾಡಿದರು. ಎರಡನೆಯ ಭಾನುವಾರ ಅನ್ನ ತಳ ಹತ್ತಿತು. ಮೂರನೆಯ ಭಾನುವಾರ ಪಾತ್ರೆ ಉಜ್ಜುತ್ತಿದ್ದಾಗ, ಆ ಗಾರ್ಡು ಎತ್ತರವಿದ್ದನೋ ಕುಳ್ಳನೋ ಎಂಬ ಯೋಚನೆ ಸುಮ್ಮನೆ ಬಂತು. ಎತ್ತರವೇ ಇರಬೇಕು, ಬಾವುಟ ಕೈಗೆ ಎಟುಕಲು ತಾವು ತುದಿಗಾಲಲ್ಲಿ ನಿಂತಿರಲಿಲ್ಲವೇ? ಛೆ, ಇದೆಂಥ ಹುಚ್ಚು ಎಂದು ತಲೆ ಕೊಡವಿದರು. ಆದರೆ ಅತ್ತೆ ಫೋನ್ ಮಾಡಿದಾಗಲೆಲ್ಲ, ‘ಅವತ್ತು ನಿಮ್ಮ ಒಂದು ಚಪ್ಪಲಿ ಹಳಿ ಮೇಲೆ ಬಿದ್ದಿತ್ತಲ್ಲ’ ಎಂದು ಏನಾದರೊಂದು ಒಗ್ಗರಣೆ ಹಾಕುತ್ತಿದ್ದರು. ನಡುಮನೆಯ ಗೋಡೆಯಿಂದ ಆ ಕೂದಲಿನ ತರುಣ ದಿನವೂ ಇವರನ್ನೇ ನೋಡುತ್ತಿದ್ದ. ಎಷ್ಟು ದಿನ ಅಂತ ಅವನನ್ನು ಅಪರಿಚಿತನಂತೆ ಕಾಣುವುದು?

ಮೂರು ತಿಂಗಳಾಗಿರಬೇಕು. ಒಂದು ಭಾನುವಾರ ಕನ್ನಡಕದವರು ಈರುಳ್ಳಿ ಹೆಚ್ಚುತ್ತಾ ಕಣ್ಣೀರು ಒರೆಸಿಕೊಂಡರು. ಹೆಂಡತಿ ಬಾಗಿಲಲ್ಲಿ ನಿಂತು, ‘ನೀರಲ್ಲಿ ನೆನೆಸಿಟ್ಟು ಹೆಚ್ಚಿ, ಕಣ್ಣು ಉರಿಯಲ್ಲ’ ಎಂದಳು.

‘ಈರುಳ್ಳಿಗಲ್ಲ ಕಣೇ. ನಿನ್ನೆ ಅಂಗಡಿಗೆ ಹೊಸದಾಗಿ ಮದುವೆಯಾದ ಜೋಡಿ ಬಂದಿತ್ತು. ಹುಡುಗಿಗೆ ದೂರದ ಅಕ್ಷರ ಕಾಣಲ್ಲ. ಹುಷಾರಮ್ಮ, ಬೋರ್ಡು ಸರಿಯಾಗಿ ಓದಿ ರೈಲು ಹತ್ತು ಅಂತ ನಮ್ಮ ಕಥೆ ಹೇಳಿದೆ. ನೀನಿದ್ದ ರೈಲು ತಿರುವಿನಲ್ಲಿ ಮರೆಯಾಯ್ತಲ್ಲ, ಅಲ್ಲಿಗೆ ಬರೋ ಹೊತ್ತಿಗೆ ಗಾಜು ಒರೆಸೋ ಬಟ್ಟೆಗೇ ಮೂಗು ಒರೆಸ್ಕೊಂಡೆ. ನೀನು ಸಿಗದೇ ಹೋಗಿದ್ರೆ ನಾನೇನು ಮಾಡ್ತಿದ್ದೆ ಹೇಳು?’

ಆಕೆ ಒಳಗೆ ಬಂದು ಗಂಡನ ಕೈಯಿಂದ ಚಾಕು ತೆಗೆದಿಟ್ಟಳು. ಆ ಮುಖದಲ್ಲಿ ನಾಟಕವಿರಲಿಲ್ಲ.

‘ರೀ, ಕೂತ್ಕೊಳ್ಳಿ. ಒಂದು ವಿಷಯ ಹೇಳ್ತೀನಿ, ಬೈಬೇಡಿ. ನೀವು ಅಂಗಡೀಲಿ ಕೂತು ಆ ಯಂತ್ರವನ್ನ ಕೇಳಿದ್ದೆಲ್ಲ ಅದೇ ಖಾತೆ ಇರೋ ನಮ್ಮ ಟ್ಯಾಬಿನಲ್ಲೂ ಕಾಣ್ತಿತ್ತು. ನೀವು ಅಳಿಸೋ ಮೊದಲೇ ಪೂರ್ತಿ ಓದಿದ್ದೆ. ಆಮೇಲೆ ಗಂಡನ ತಲೆಗೆ ಸುಳ್ಳು ನೆನಪು ತುಂಬೋದು ಹೇಗೆ ಅಂತ ನಾನೂ ಅದನ್ನೇ ಕೇಳಿದೆ. ನನಗೂ ಬೇಡ ಅಂತಲೇ ಬುದ್ಧಿ ಹೇಳ್ತು. ನಾನೂ ಕಥೆಗೆ ಅಂತಲೇ ಅಂದೆ. ಅಮ್ಮನಿಗೂ ಭಾವನಿಗೂ ಮೊದಲೇ ಹೇಳಿಕೊಟ್ಟಿದ್ದೆ. ರೈಲಿಲ್ಲ, ಬಾವುಟ ಇಲ್ಲ, ಏನೂ ನಡೆದೇ ಇಲ್ಲ. ಇವತ್ತಿಂದ ಅಡುಗೆ ನಾನೇ ಮಾಡ್ತೀನಿ, ಆಯ್ತಾ?’

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಂಡತಿಯ ತಲೆಯ ಮೇಲೆ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಆಕೆಯ ಮೇಲೆ ಅವರಿಗೆ ಇಷ್ಟೊಂದು ಕನಿಕರ ಬಂದದ್ದು ಇದೇ ಮೊದಲು.

‘ನನ್ನ ಕಷ್ಟ ನೋಡಲಾರದೆ ಹೀಗೆ ಹೇಳ್ತಿದ್ದೀಯ. ನನಗೆ ಗೊತ್ತಾಗಲ್ವಾ?’ ಎಂದರು.

‘ಅಯ್ಯೋ, ಇಲ್ಲ ರೀ! ನಿಜವಾಗ್ಲೂ ನಡೆದಿಲ್ಲ!’

‘ನಡೆದಿಲ್ಲ ಅಂದ್ರೆ? ಆ ಬಾವುಟವನ್ನ ನಲ್ಲಿ ಕೆಳಗೆ ಹಿಡಿದು ಒಗೆದು ಕೊಟ್ಟೋನು ನಾನು! ಒದ್ದೆ ಬಾವುಟ ಬೀಸಿದ್ರೆ ಹಾರಲ್ಲ ಅಂತ ಗಾರ್ಡು ನನ್ನ ಬೈದಿದ್ದು ಇನ್ನೂ ಕಿವಿಯಲ್ಲಿದೆ.’

‘ನಾನೇ ಕಟ್ಟಿದ ಕಥೆ ಅಂತಿದ್ದೀನಲ್ಲ ರೀ!’

ಕನ್ನಡಕದವರು ಚಾಕುವನ್ನು ಮತ್ತೆ ಕೈಗೆತ್ತಿಕೊಂಡು, ಉಳಿದ ಈರುಳ್ಳಿಯನ್ನು ಮುಂದಕ್ಕೆಳೆದುಕೊಂಡರು.

‘ನಿನಗೆ ಹೇಗೆ ಗೊತ್ತಿರುತ್ತೆ? ನೀನು ಅಲ್ಲಿದ್ದೆಯಾ? ಮುಂದಿನ ಸ್ಟೇಷನ್ನಲ್ಲಿ ಕೂತಿದ್ದೆ.’