ಮಾವನ ರೂಮು

ಉಮಾಶಂಕರ್ ಮೇಷ್ಟ್ರಿಗೆ ಬೇಕಾಗಿದ್ದದ್ದು ಒಂದು ರೂಮು, ಅಷ್ಟೇ. ತೊಂಬತ್ತಾರರಲ್ಲಿ ಕಣಕಟ್ಟೆ ಶಾಲೆಗೆ ವರ್ಗವಾಗಿ ಹೆಂಡತಿಯ ತವರು ಸೇರಿದ್ದರು. ಅಂದಿನಿಂದ ಜಗಲಿಯಲ್ಲಿ ಸೊಳ್ಳೆಗಳಿಗೆ ಊಟವಾಗಿ ಮಲಗುತ್ತಿದ್ದರು. ಒಳಗೊಂದು ರೂಮೇನೋ ಖಾಲಿಯಿತ್ತು, ಆದರೆ ಅದು ತೀರಿಹೋದ ಮಾವ ಜವರಯ್ಯನದು. ಪಿತೃಪಕ್ಷದಲ್ಲಿ ಅಲ್ಲಿ ವಡೆ, ಬೀಡಿ ಎಡೆಯಿಟ್ಟು, ನೆಲಕ್ಕೆ ರಾಗಿಹಿಟ್ಟು ಜರಡಿ ಹಿಡಿದು ಬಾಗಿಲು ಮುಚ್ಚಿದರೆ ಹೆಜ್ಜೆ ಮೂಡುತ್ತಿತ್ತಂತೆ. ಜವರಯ್ಯನ ಎಡಗಾಲಿಗೆ ಆರು ಬೆರಳು. ಹೆಜ್ಜೆಗೂ ಆರೇ ಎಂದು ಪಕ್ಕದ ಮನೆಯ ದ್ಯಾವಯ್ಯ ಆಣೆಯಿಡುತ್ತಿದ್ದ.

"ಬೆಕ್ಕು ಕಣ್ರೀ ಅದು," ಎಂದರು ವಿಜ್ಞಾನದ ಮೇಷ್ಟ್ರು. "ಈ ಸಲ ಕಿಟಕಿಗೆ ನಾನೇ ಹಲಗೆ ಹೊಡೀತೀನಿ. ಹೆಜ್ಜೆ ಬೀಳದಿದ್ರೆ ರೂಮು ನಂಗೆ ಬಿಡ್ತೀರಾ ಅತ್ತೆ?"

"ಆಗ್ಲಿ ಬುಡಿ ಅಳಿಯಂದ್ರೇ," ಎಂದರು ಮುನಿಯಮ್ಮ.

ಕಿಟಕಿಗೆ ಮೊಳೆ ಬಿತ್ತು, ಬಾಗಿಲಿಗೆ ಬೀಗ ಬಿತ್ತು, ಕೀಲಿ ಮೇಷ್ಟ್ರ ಜೇಬು ಸೇರಿತು. ಮುಸ್ಸಂಜೆಗೆ ತೆಗೆದರೆ ಹಿಟ್ಟು ಹಾಸಿದ ಹಾಗೇ ಇತ್ತು. ಮೇಷ್ಟ್ರ ಮುಖ ಅರಳಿತು.

"ಮುನಿಸ್ಕಂಡವ್ರೆ," ಎಂದ ದ್ಯಾವಯ್ಯ. "ಮೊಳೆ ಹೊಡುದ್ರೆ ಯಾರ್ ಬತ್ತಾರೆ? ಅವ್ರು ಇಲ್ಲೇ ಅವ್ರೆ ಅನ್ನೋಕೆ ಇದೇ ಸಾಕ್ಷಿ. ಇಲ್ದೋರು ಮುನಿಸ್ಕಂತಾರಾ?"

ಮೇಷ್ಟ್ರಿಗೆ ರೇಗಿಹೋಯಿತು. ಹಿಟ್ಟು ತುಳಿದುಕೊಂಡೇ ಹೋಗಿ ಎಡೆಯ ವಡೆಯನ್ನು ಕಚ್ಚಿದರು. ದ್ಯಾವಯ್ಯ ಬೀದಿಗೆ ಓಟ ಕಿತ್ತ. ಹೊಸ್ತಿಲಲ್ಲಿದ್ದ ಮುನಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಏನೂ ಆಗಲಿಲ್ಲ.

"ಎಡೆಗೆ ಬಾಯಿ ಹಾಕಿದ್ರೂ ಸುಮ್ಕವ್ರಲ್ಲ," ಎಂದು ಆಕೆ ಸೆರಗಿನೊಳಗೇ ಬಿಕ್ಕಿದರು. "ಬರಾಕಿಲ್ಲ ಬುಡಿ ಇನ್ನು. ರೂಮು ನಿಮ್ದೇ."

ಗೆದ್ದ ಮೇಷ್ಟ್ರು ಹಿಂದಿರುಗಿ ನೋಡಿದರು. ಹೊಸ್ತಿಲಿನಿಂದ ಎಡೆಯವರೆಗೆ ತಮ್ಮ ಹೆಜ್ಜೆಗಳಿದ್ದವು. ಪಕ್ಕದಲ್ಲೇ, ಮಾತಾಡಿಕೊಂಡು ಜೊತೆಗೆ ಬಂದವರ ಹೆಜ್ಜೆಗಳಂತೆ, ಇನ್ನೊಂದು ಸಾಲು. ಅದು ಅವರ ಮಗ್ಗುಲಿಗೇ ಬಂದು ನಿಂತಿತ್ತು. ಎಡಗಾಲಿಗೆ ಆರು ಬೆರಳು. ಕಿವಿಯ ಹತ್ತಿರ ಯಾರೋ ಬೀಡಿ ಎಳೆದ ವಾಸನೆ.

ಮೇಷ್ಟ್ರು ಉಳಿದ ವಡೆಯನ್ನು ಎಡೆಯಲ್ಲೇ ವಾಪಸಿಟ್ಟರು. ಅಂಗಾಲಿನಿಂದ ಹಿಟ್ಟು ಕೆದರುತ್ತ, ಒಂದೊಂದೇ ಗುರುತು ಅಳಿಸುತ್ತ ಹೊರಬಂದರು.

"ಚಾಪೆ ಒಳಗೇ ಹಾಸ್ಲಾ?" ಎಂದಳು ಹೆಂಡತಿ ಮಂಜುಳಾ.

"ಬೇಡ. ಜಗಲೀಲಿ ಗಾಳಿ ಚೆನ್ನಾಗಿದೆ."

"ಯಾಕ್ರೀ ಬೆವರ್ತಿದ್ದೀರಾ? ಒಳಗೆ ಏನಾದ್ರೂ ಕಂಡ್ರಾ?"

ಮೇಷ್ಟ್ರು ಹಲಗೆ ಹೊಡೆದ ಕಿಟಕಿಯನ್ನೇ ನೋಡಿದರು. ಒಂದು ಮೊಳೆಯೂ ಸಡಿಲವಾಗಿರಲಿಲ್ಲ.

"ಬೆಕ್ಕು," ಎಂದರು. ಚಾಪೆ ಬಿಡಿಸಿ ಸೊಳ್ಳೆಗಳ ನಡುವೆ ಮಲಗಿಕೊಂಡರು.