ಹನ್ನೆರಡನೇ ಹೆಜ್ಜೆ ಮತ್ತು ಬೆಲ್ಲದ ಪಾಕ

ಕಂಪ್ಯೂಟರಿಗೆ ‘ಹೋಗಿ ಬಾಪ್ಪಾ’ ಎಂದು ಹೇಳಿ ಕಳಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ದೊಡ್ಡಬಳ್ಳಾಪುರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಬನ್ನಿ. ನನ್ನ ಮೈದುನ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತಿರುತ್ತಾನೆ. ಏನಾದರೂ ಕೆಟ್ಟರೆ ಓಡಬೇಕಲ್ಲ, ಅರ್ಧ ತಯಾರಿ!

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಮೂರು ಸರ್ವರ್‌ಗಳು ಇವನ ಕೈಯಲ್ಲಿವೆ. ಮೂರೂ ಸೇರಿ ಒಂದೇ ಕೆಲಸ ಮಾಡುತ್ತವೆ. ಒಂದು ಎದ್ದು ಹೋದರೆ ಉಳಿದೆರಡು ಪಂಕ್ತಿಗೆ ಬಡಿಸುತ್ತವೆ. ಎರಡು ಹೋದರೆ ಮೂರನೆಯದು ಸೌಟು ಕೆಳಗಿಟ್ಟು ಕೂತುಬಿಡುತ್ತದಂತೆ! ಲಿನಕ್ಸ್ ಕರ್ನಲ್ ಎಂದರೆ ಪ್ರತಿ ಯಂತ್ರದೊಳಗಿನ ಯಜಮಾನ. ಹೊಸ ಯಜಮಾನನನ್ನು ತಯಾರಿಸಿ, ಒಂದೊಂದಾಗಿ ಮೂರರಲ್ಲೂ ಕೂರಿಸಬೇಕು, ಎರಡು ಗಂಟೆಯ ಶಿಫ್ಟಿನವರು ಬರುವ ಮೊದಲು. ಹಳೆಯದನ್ನು ಮಾತ್ರ ಅಳಿಸುವುದಿಲ್ಲ. “ಹಳೇ ಡಬ್ಬ ಕೂಡಿಡೋ ಅತ್ತೆ ಬುದ್ಧಿ ನಿಂಗೂ ಬಂದಿದೆ” ಎಂದು ನಾನು ಛೇಡಿಸುವುದುಂಟು.

ಹದಿನೈದು ಹೆಜ್ಜೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ. ಓದುವವಳು ನಾನು.

“ಕಾನ್ವೆಂಟಲ್ಲಿ ಓದಿರೋರು ನೀವೊಬ್ರೇ ಅತ್ಗೆ. ಗಟ್ಟಿಯಾಗಿ ಓದಿ.”

ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಕೊನೆಗೂ ಸಾರ್ಥಕವಾಯಿತು!

ಆ ಭಾನುವಾರ ಮೊದಲ ಯಂತ್ರ ಹೊಸ ಕರ್ನಲ್ಲಿನೊಂದಿಗೆ ಎದ್ದು ಬಂತು. ನಾನು ನೋಟ್‌ಬುಕ್ ಹಿಡಿದೇ ಒಳಗೆ ಹೋಗಿ, ಒಲೆಯ ಮೇಲಿದ್ದ ಚಿಕ್ಕಿಯ ಪಾಕ ತಿರುವಿ ಬಂದೆ. ಎರಡನೆಯದು ಶುರು.

“ಹನ್ನೊಂದನೇ ಹೆಜ್ಜೆ ಆಯ್ತು. ಮುಂದೆ?”

ಪುಟ ತಿರುಗಿಸಿ ಓದಿದೆ. ನಾನು ಓದಿದ್ದನ್ನೆಲ್ಲ ಟೈಪ್ ಮಾಡಿ, “ಹೋಗಿ ಬಾಪ್ಪಾ” ಎಂದು ಎಂಟರ್ ಒತ್ತಿದ, ಯಂತ್ರ ಆರಿ ಮತ್ತೆ ಎದ್ದು ಬರಲೆಂದು.

ಬರಲಿಲ್ಲ. ಐದು ನಿಮಿಷ. ಹತ್ತು ನಿಮಿಷ.

“ಇಷ್ಟೊತ್ಗೆ ಪಕ್ಕದ ಮಧುರೆಗೇ ಹೋಗಿ ಬರ್ಬೋದಿತ್ತು” ಎಂದೆ. ಅವನು ನಗಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದೆ: ಎರಡನೇ ಚಪ್ಪಲಿಯೂ ಕಾಲಿಗೇರಿತ್ತು! ಇನ್ನೊಂದು ಯಂತ್ರ ಮುಗ್ಗರಿಸಿದರೆ ಕಾರ್ಖಾನೆಯೇ ನಿಂತಂತೆ.

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಫೋನು. “ಏನಪ್ಪಾ, ಜನ ಬರೋ ಹೊತ್ತಾಯ್ತು!”

ನಾನು ಕೈ ಸುಮ್ಮನಿರದೆ ಪುಟದ ಅಂಚನ್ನು ಕೆರೆಯುತ್ತಿದ್ದೆ. ಅಂಟಂಟು, ಬೆಲ್ಲದ ಪಾಕ! ಬಿಡಿಸಿದರೆ ಅದು ಒಂದು ಪುಟವಲ್ಲ, ಎರಡು! ಒಳಗೆ ಬೆಚ್ಚಗೆ ಕೂತಿತ್ತು ಹನ್ನೆರಡನೇ ಹೆಜ್ಜೆ. ಯಂತ್ರ ಏಳುವಾಗ ತನ್ನ ಡಿಸ್ಕನ್ನು ಹುಡುಕಿಕೊಳ್ಳಲು ಬೇಕಾದ ಬುತ್ತಿ ಕಟ್ಟುವ ಹೆಜ್ಜೆ. ಬುತ್ತಿಯಿಲ್ಲದೆ ಕಳಿಸಿಬಿಟ್ಟಿದ್ದೆ!

ಪುಟವನ್ನು ಅವನ ಮುಂದೆ ಹಿಡಿದೆ. ನೋಡಿದ. ಫೋನಿಗೆ ಹೇಳಿದ: “ನನ್ ತಪ್ಪು ಸಾರ್. ಒಂದ್ ಹೆಜ್ಜೆ ಬಿಟ್ಬಿಟ್ಟೆ. ಸರಿಮಾಡ್ತೀನಿ.”

ದೂರದಿಂದಲೇ ಹಳೆಯ ಕರ್ನಲ್ಲನ್ನು ಆರಿಸಿ ಯಂತ್ರವನ್ನು ಎಬ್ಬಿಸಿದ. ಹಳೇ ಡಬ್ಬವೇ ಕಾಪಾಡಿತು! ಬುತ್ತಿ ಕಟ್ಟಿದ್ದಾಯಿತು.

“ಇನ್ಮೇಲೆ ನೀನೇ ಓದ್ಕೋಪ್ಪಾ” ಎಂದೆ.

“ಹದಿನೈದೂ ನಂಗೆ ಬಾಯಿಗೆ ಬರುತ್ತೆ ಅತ್ಗೆ. ನೀವು ಓದ್ತೀರಲ್ಲ ಅಂತ ಲೆಕ್ಕ ಇಡ್ಲಿಲ್ಲ.” ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಒಬ್ನೇ ಕೂತ್ರೆ ಎಂಟರ್ ಒತ್ತೋಕೇ ಆಗಲ್ಲ.”

ಅವನ ಬೆರಳು ಎಂಟರಿನ ಮೇಲೆ ನಿಂತೇ ಇತ್ತು.

“ಹೋಗಿ ಬಾಪ್ಪಾ” ಎಂದೆ ನಾನು. ಒತ್ತಿದ.

ಬಂತು. ಅವನು ಮೆಲ್ಲಗೆ ಒಂದು ಚಪ್ಪಲಿ ಬಿಟ್ಟ. ಇನ್ನೂ ಒಂದು ಯಂತ್ರ ಬಾಕಿಯಿತ್ತು.